ಕೊನೆಯ ಬೆಂಚಿನ ಅತ್ತೆ ಸೊಸೆ

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಾರೆ. ಈಗ ಕನ್ನಡಕ ಏರಿಸಿದರೂ ಸೂಜಿಯ ಕಣ್ಣು ಕಾಣುವುದಿಲ್ಲ. ಆದರೆ ಚರ್ಚಿನಲ್ಲಿ ಅತ್ತೆಯ ಪಕ್ಕ ಕೂತ ದಿನಗಳು ಇನ್ನೂ ಕಣ್ಣಿಗೆ ಕಟ್ಟಿದಂತಿವೆ.

ಮೊದಲು ಅವಳ ಜಾಗ ಮುಂದೆ, ಹಾಡುವವರ ಕ್ವಾಯರ್‌ನಲ್ಲಿತ್ತು. ಗಂಡ ಲಾರಿ ಡ್ರೈವರ್. ಅವನು ಹೊರಟಾಗಲೆಲ್ಲ ಕ್ಷೇಮವಾಗಿ ಬರಲೆಂದು ಮಂಡಿಯೂರಿ ಬೇಡುತ್ತಿದ್ದಳು, ಅವನು ಬರುತ್ತಿದ್ದ. ನಂಬಿಕೆ ಎಂದರೆ ಅಷ್ಟೇ ಎಂದುಕೊಂಡಿದ್ದಳು. ಒಂದು ಸಲ ತಿರುವಿನಲ್ಲಿ ಲಾರಿ ಮಗುಚಿತು.

ಗಂಡನನ್ನು ಮಣ್ಣು ಮಾಡಿ ಬಂದ ಮೇಲೆ ಪ್ರಾರ್ಥನೆ ಅವಳ ಬಾಯಿಗೇ ಬರಲಿಲ್ಲ. ಮನೆಗೆ ಬಂದ ಪಾಸ್ಟರ್‌ಗೆ ಮುಚ್ಚುಮರೆಯಿಲ್ಲದೆ ಹೇಳಿದಳು: "ದೇವರ ಹತ್ರ ಮಾತಾಡೋಕೇ ಮನಸ್ಸಿಲ್ಲ ಪಾಸ್ಟರೇ. ಇನ್ಮೇಲೆ ನಾನು ಬರಲ್ಲ."

ವಯಸ್ಸಾದ ಪಾಸ್ಟರ್ ಬುದ್ಧಿ ಹೇಳಲಿಲ್ಲ. "ಮಾತಾಡ್ಬೇಡ ಬಿಡಮ್ಮ. ನಿನ್ನ ಪಾಲಿನ ಪ್ರಾರ್ಥನೇನೂ ನಾವೇ ಮಾಡ್ತೀವಿ. ಅತ್ತೆಗೆ ಕಣ್ಣು ಮಂಜು, ಕೈ ಹಿಡಿದು ಕರ್ಕೊಂಡು ಬಾ. ಸುಮ್ನೆ ಕೂತ್ಕೋ."

ಹಾಗೆ ಅವಳು ಕೊನೆಯ ಬೆಂಚಿಗೆ ಬಂದು, ತುಟಿ ಪಿಟಕ್ಕೆನ್ನದೆ ಕೂರತೊಡಗಿದಳು. ಅತ್ತೆ ಮಾತ್ರ ಗಂಟಲು ಹರಿಯುವಂತೆ ಹಾಡುತ್ತಿದ್ದರು. ಅತ್ತೆಗೂ ರಾಗಕ್ಕೂ ಎಣ್ಣೆ ಸೀಗೇಕಾಯಿ. ಮುಂದಿನ ಬೆಂಚಿನವರು ಮೆಲ್ಲಗೆ ಆಚೆ ಸರಿಯುತ್ತಿದ್ದರು.

ಒಂದು ಭಾನುವಾರ ಮನೆಗೆ ನಡೆಯುವಾಗ ಸೊಸೆ ತಡೆಯಲಾರದೆ ಕೇಳಿದಳು: "ಹೆತ್ತ ಮಗ ಹೋದ್ರೂ ಹೇಗೆ ಹಾಡ್ತೀರಿ ಅತ್ತೆ?"

"ಬಾಯಿ ಮುಚ್ಚಿದ್ರೆ ಅಳು ಬರುತ್ತೆ ಕಣೆ. ನಂಗೂ ದೇವರ ಮೇಲೆ ಸಿಟ್ಟಿದೆ. ಅದಕ್ಕೇ ಅವನ ಮನೇಲೇ ಕೂತು, ಅವನಿಗೆ ಕೇಳೋ ಹಾಗೆ ಕಿರುಚ್ತೀನಿ. ನೀನು ಅದನ್ನ ಹಾಡು ಅಂದ್ಕೊಂಡ್ಯಾ?"

ಎಷ್ಟೋ ತಿಂಗಳ ಮೇಲೆ ಸೊಸೆಗೆ ನಗು ಬಂತು. ಹಿಂದೆಯೇ ಅಳುವೂ ಒತ್ತರಿಸಿಕೊಂಡು ಬಂತು. ಬೀದಿಯಲ್ಲೇ ಒಬ್ಬರ ಭುಜ ಒಬ್ಬರು ಹಿಡಿದು ಅತ್ತರು.

ಮುಂದಿನ ವಾರ ಅತ್ತೆ ಹಾಡುತ್ತ ಹಾಡುತ್ತ ದಾರಿ ತಪ್ಪಿ ಬೇರೆ ಯಾವುದೋ ಕೀರ್ತನೆಗೆ ಹೊರಳಿದರು. ಮೆಟ್ಟಿಲ ಬಳಿ ಕೈ ಹಿಡಿಯುವಷ್ಟೇ ಸಹಜವಾಗಿ ಸೊಸೆ ಬಾಯಿ ತೆರೆದು ರಾಗ ಹಿಡಿದುಕೊಟ್ಟಳು. ಅತ್ತೆ ಆ ದನಿಗೆ ಒರಗಿಕೊಂಡು ಕೊನೆಯ ಸಾಲಿನವರೆಗೂ ಬಂದರು.

ಕ್ವಾಯರ್‌ನವರು ಮತ್ತೆ ಕರೆದರೂ ಅವಳು ಹೋಗಲಿಲ್ಲ. ಹೊಲಿಗೆ ಮಿಷನ್ ತುಳಿಯುತ್ತ ದೇವರ ಹತ್ತಿರ ಸುಖದುಃಖ ಮಾತಾಡುವುದು ರೂಢಿಯಾಯಿತು. ಒಮ್ಮೊಮ್ಮೆ ಜಗಳವನ್ನೂ ಆಡುತ್ತಿದ್ದಳು, ಏನನ್ನೂ ಬೇಡುತ್ತಿರಲಿಲ್ಲ.

ಅತ್ತೆ ತೀರಿಕೊಂಡ ಮೇಲಿನ ಮೊದಲ ಭಾನುವಾರ ಇಡೀ ಚರ್ಚು ಒಂದೇ ರಾಗದಲ್ಲಿ ಹಾಡಿತು. ಅವಳಿಗೆ ಮಾತ್ರ ಆ ಕೀರ್ತನೆ ಅರ್ಧಕ್ಕರ್ಧ ಬರಿದಾಗಿ ಕೇಳಿಸಿತು.