ಮುಂದಿನ ಬೆಂಚಿನ ಎಕುವಾ ಆಂಟಿ

ಎಂಟು ಲಕ್ಷ ಸಲ ಭಿನ್ನರಾಶಿ ಕಲಿತು, ಎಂಟು ಲಕ್ಷ ಸಲವೂ ತಲೆಗೆ ಹತ್ತಲಿಲ್ಲ ಎಂದವರು ಈ ಭೂಮಿಯ ಮೇಲೆ ಒಬ್ಬರೇ: ಕೇಪ್ ಕೋಸ್ಟಿನ ಎಕುವಾ ಎಸ್ಸುಮನ್. ಅವರ 'ಅರ್ಥ ಆಗ್ಲಿಲ್ಲ' ಕೇಳಿ ಸಮುದ್ರವೇ ಎರಡು ಹೆಜ್ಜೆ ಹಿಂದೆ ಸರಿದದ್ದುಂಟು.

ಬೆಳಗಿನ ಐದೂವರೆ. ವಿಶ್ವವಿದ್ಯಾಲಯದ ಶಿಕ್ಷಕರ ತರಬೇತಿ ವಿಭಾಗದಲ್ಲಿ ಎಕುವಾ ಕಸ ಗುಡಿಸುತ್ತಿದ್ದಾರೆ. ಏಳಕ್ಕೆ ಪೊರಕೆ ಮೂಲೆಗಿಟ್ಟು, ಕೈ ತೊಳೆದು, ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ಇದು ವಿಭಾಗವನ್ನು ಕಟ್ಟಿದ ಪ್ರೊಫೆಸರ್ ಅರಾಬಾ ಕ್ವೈಸನ್ ಮಾಡಿಟ್ಟ ಕಟ್ಟಳೆ: ಗುಡಿಸುವವಳಿಗೆ ಅರ್ಥವಾಗದ ಪಾಠ ಪಾಠವೇ ಅಲ್ಲ, ಅವಳು ತಲೆಯಾಡಿಸುವವರೆಗೆ ಯಾವ ಹೊಸ ಮೇಷ್ಟ್ರೂ ಶಾಲೆಯ ಮೆಟ್ಟಿಲು ಹತ್ತುವಂತಿಲ್ಲ. ಪ್ರೊಫೆಸರ್ ತೀರಿಕೊಂಡು ಒಂಬತ್ತು ವರ್ಷ. ಬೆಂಚು ಉಳಿದಿದೆ. ದಿನಕ್ಕೆ ಆರು ಪಾಠ, ಮೂವತ್ತೊಂದು ವರ್ಷ.

ಈಗ ಅದಕ್ಕೂ ಕುತ್ತು. ಹೊಸ ಮುಖ್ಯಸ್ಥ ಡಾ. ಆನ್ಸಾ ಪಾಠಗಳನ್ನು ಪರೀಕ್ಷಿಸಲು ಕ್ಯಾಮೆರಾ ತರಿಸಿದ್ದಾರೆ; ಸೋಮವಾರದಿಂದ ಎಕುವಾ ಗುಡಿಸಿದರೆ ಸಾಕು ಎಂದು ಪತ್ರ ಬರೆದಿದ್ದಾರೆ.

"ಕ್ಯಾಮೆರಾ ಆಕಳಿಸತ್ತಾ?" ಎಕುವಾ ಸಿಡುಕುತ್ತಾರೆ. "ಈ ಹುಡುಗ್ರು ಗೋಡೆ ಮೇಲೆ ಬೀಳೋ ಚಿತ್ರ ನೋಡ್ಕೊಂಡು ಒದರ್ತಾರೆ. ನನ್ನ ಮುಖ ನೋಡ್ರೋ ಅಂತ ಬಡ್ಕೊಂಡು ಬಡ್ಕೊಂಡು ಗಂಟಲೇ ಹೋಯ್ತು."

ಶುಕ್ರವಾರದ ಪಾಠ ಎಬೊ ಎಂಬ ತರುಣನದು. ಹಿಂದಿನ ಸಾಲಿನಲ್ಲಿ ಆನ್ಸಾ, ಕೈಯಲ್ಲಿ ಅದೇ ಪತ್ರ. ಮೂರನ್ನು ಅರ್ಧದಿಂದ ಭಾಗಿಸಿದರೆ ಆರು ಅನ್ನುತ್ತಾನೆ ಎಬೊ.

"ಭಾಗ ಮಾಡಿದ್ಮೇಲೆ ಕಡಿಮೆ ಆಗ್ಬೇಕಲ್ಲ ಮೇಷ್ಟ್ರೇ, ಹೆಂಗೆ ಜಾಸ್ತಿ ಆಯ್ತು?"

"ಸೂತ್ರ ಹಾಗಿದೆ, ಆಂಟಿ."

"ಸೂತ್ರ ಏನು ನನ್ನ ಮಾವನಾ, ಹೇಳಿದ್ದಕ್ಕೆಲ್ಲ ಹೂಂ ಅನ್ನೋಕೆ?"

ನಾಲ್ಕನೆಯ ಸಲಕ್ಕೆ ಬೆವರಿ ತೊಪ್ಪೆಯಾದ ಎಬೊ ತನ್ನ ಬುತ್ತಿ ಬಿಚ್ಚಿ, ಮೆಕ್ಕೆಜೋಳದ ಮೂರು ಕೆಂಕೆ ಮುದ್ದೆಗಳನ್ನು ಒಂದೊಂದಾಗಿ ಅರ್ಧಕ್ಕೆ ಮುರಿಯುತ್ತಾನೆ. "ಒಬ್ಬರಿಗೆ ಅರ್ಧ ಅಂದ್ರೆ ಎಷ್ಟು ಜನಕ್ಕೆ ಆಗತ್ತೆ, ಆಂಟಿ?" ಮೊದಲ ಸಲ ಅವರ ಮುಖ ನೋಡುತ್ತಾನೆ. ಎಕುವಾ ತಲೆಯಾಡಿಸುತ್ತಾರೆ.

"ಮೂವತ್ತೊಂದು ವರ್ಷ ಕೇಳಿದ ಪಾಠ," ಆನ್ಸಾ ಗೊಣಗುತ್ತಾರೆ. "ಇದೆಲ್ಲ ನಾಟಕ ಅಲ್ವಾ ಆಂಟಿ?"

"ಉತ್ತರ ನನಗೆ ಗೊತ್ತು ಸಾರ್. ಮಗು ಎಲ್ಲಿ ಎಡವತ್ತೆ ಅನ್ನೋದೂ ಗೊತ್ತು. ಅಲ್ಲಿ ಎಡವೋದೇ ನನ್ನ ಕೆಲಸ."

ಅಷ್ಟು ಕೇಳಿದ್ದೇ ತಡ, ಆನ್ಸಾ ಪತ್ರವನ್ನು ನೂರು ಚೂರು ಮಾಡಿ ಕಿಟಕಿಯಿಂದಾಚೆ ತೂರಿದರು. ಊರಿಗೆಲ್ಲ ಕಾಗದದ ಮಳೆ!

ನಾನು ಬರೆದದ್ದನ್ನು ಇಲ್ಲಿಯವರೆಗೆ ಓದಿ ಹೇಳಿದಾಗ ಎಕುವಾ ತಡೆಯುತ್ತಾರೆ. "ಎಲ್ಲಿ ಹರಿದ್ರಪ್ಪಾ? ನೀವೂ ಅಲ್ಲೇ ಇದ್ರಲ್ಲ. ಹಿಂಗೆ ಬುರುಡೆ ಬಿಡೋಕೆ ನಾಚಿಕೆ ಆಗಲ್ವಾ?"

ಸಿಕ್ಕಿಬಿದ್ದ ಮೇಲೆ ಒಪ್ಪಿಕೊಳ್ಳಲೇಬೇಕು. ಹರಿಯಲಿಲ್ಲ. ಆನ್ಸಾ ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು. ಸೋಮವಾರ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ.

"ಅದನ್ನೇ ಬರೀರಿ," ಎನ್ನುತ್ತಾರೆ ಎಕುವಾ. "ಇದನ್ನೂ ಬರೀರಿ: ಸೋಮವಾರ ಏಳಕ್ಕೆ ನಾನು ಅಲ್ಲೇ ಕೂತಿರ್ತೀನಿ. ಎಬ್ಬಿಸೋಕೆ ಬರೋರು, ಯಾಕೆ ಅಂತ ನನಗೆ ಅರ್ಥ ಆಗೋ ಹಾಗೆ ಹೇಳ್ಲಿ."