ಮಾವ ಕಟ್ಟಿಸಿದ ದೋಣಿಕೆರೆ

ಆ ವರ್ಷಗಳಲ್ಲಿ ದಸರಾ ರಜೆ ಶುರುವಾಯಿತೆಂದರೆ ನನ್ನನ್ನು ಕಡೂರಿನಲ್ಲಿ ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಅಜ್ಜಂಪುರದ ಬಸ್ಸಿನ ಕಿಟಕಿಗೆ ಮುಖ ಆನಿಸಿ ಕೂತವಳಿಗೆ ಹಸಿ ಈರುಳ್ಳಿಯ ವಾಸನೆ ಬಡಿದರೆ ಮಾವನ ಊರು ಹತ್ತಿರವಾಯಿತೆಂದೇ ಲೆಕ್ಕ. ಹೊಲಗಳಲ್ಲೆಲ್ಲ ಈರುಳ್ಳಿ ಕಿತ್ತು ಒಣಹಾಕುವ ಕಾಲ ಅದು.

ರೇವಣ್ಣ ಮಾವ ನಮ್ಮಮ್ಮನ ತಮ್ಮ. ಅವರನ್ನು ನಂಬಿದಷ್ಟು ನಾನು ಅಪ್ಪನನ್ನೂ ನಂಬಿರಲಿಲ್ಲ. ಈಜು ಕಲಿಸುವಾಗ ಹೊಟ್ಟೆಯಡಿ ಕೈಕೊಟ್ಟು "ಬಿಡಲ್ಲ ಕಣವ್ವ" ಅಂದರೆ ಬಿಡುತ್ತಿರಲಿಲ್ಲ. ಈಜು ಕಲಿತದ್ದೂ ಅವರದೇ ಕೆರೆಯಲ್ಲಿ. ಜಮೀನಿನ ನಡುವೆ ಹರಿಯುತ್ತಿದ್ದ ಹಳ್ಳಕ್ಕೆ ಅಡ್ಡಲಾಗಿ ಜೆಸಿಬಿಯಿಂದ ಮಣ್ಣೇರಿಸಿ ಏರಿ ಕಟ್ಟಿಸಿದ್ದರು. ನೀರಾವರಿಗಲ್ಲ, ಮೋಜಿಗೆ. ಹಂಸದ ಆಕಾರದ ಎರಡು ಪೆಡಲ್ ದೋಣಿ, ದಡದಲ್ಲಿ ಹುಲ್ಲು ಹೊದಿಸಿದ ಮೂರು ಚಪ್ಪರ. ಭಾನುವಾರ ತರೀಕೆರೆ, ಕಡೂರಿಂದ ಕಾರುಗಳು ಬರುತ್ತಿದ್ದವು. ಅತ್ತೆ ಮೆಣಸಿನಕಾಯಿ ಬಜ್ಜಿ ಕರಿದು ಮಂಡಕ್ಕಿ ಕಲಸುತ್ತಿದ್ದರು.

ಏರಿಯ ಕೆಳಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಸಿದ್ದಣ್ಣನ ಮನೆ. ಅವರ ಮಗಳು ಶೋಭಾ ನನ್ನ ಓರಗೆಯವಳು. ಏರಿಯ ಬುಡದಲ್ಲಿ ಸದಾ ಒದ್ದೆಯಾಗಿರುವ ಒಂದು ಜಾಗವಿತ್ತು. ಅಲ್ಲಿನ ಜಿಗುಟು ಮಣ್ಣಿನಲ್ಲಿ ನಾವಿಬ್ಬರೂ "ಬಾರೆ, ಹೋಗೆ" ಅನ್ನುತ್ತ ಒಲೆ, ಗಡಿಗೆ ಮಾಡಿ ಅಡುಗೆಯಾಟ ಆಡುತ್ತಿದ್ದೆವು.

ನನಗೆ ಹನ್ನೊಂದಾಗಿದ್ದ ವರ್ಷ ಮಳೆ ಜೋರಾಗಿತ್ತು. ಕೆರೆ ತುಂಬಿ ಹೆಚ್ಚಾದ ನೀರು ಪಕ್ಕದ ಕೋಡಿಯಿಂದ ಹೊರಗೆ ಹೋಗುತ್ತಿತ್ತು. ನೀರು ಇನ್ನಷ್ಟು ನಿಂತರೆ ದೋಣಿ ಚೆನ್ನಾಗಿ ಓಡುತ್ತದೆಂದು ಮಾವ ಕೋಡಿಗೆ ಮರಳಿನ ಚೀಲ ಪೇರಿಸಿದರು. ಸಿದ್ದಣ್ಣ ಹತ್ತಿ ಬಂದರು. ಹರೆಯದಲ್ಲಿ ಲಕ್ಕವಳ್ಳಿ ಅಣೆಕಟ್ಟಿನ ಕಡೆ ನಾಲೆ ಕೆಲಸ ಮಾಡಿದ್ದವರು.

"ರೇವಣ್ಣಾರೆ, ಕೋಡಿ ಮುಚ್ಚಬ್ಯಾಡಿ. ನೀರಿಗೆ ದಾರಿ ಬೇಕು."

"ರಜೆ ಮುಗೀಲಿ ಕಣಪ್ಪ, ತೆಗೆಸ್ತೀನಿ" ಅಂದರು ಮಾವ.

ಸಿದ್ದಣ್ಣ ವಾಪಸು ಹೋಗುತ್ತ ನನ್ನ ಹತ್ತಿರ ನಿಂತರು. "ನೀವು ಆಡೋ ತಾವು ನೀರು ಒಸರ್ತೈತಲ್ಲ, ಅದನ್ನ ದಿನಾ ನೋಡವ್ವ. ತಿಳಿಯಾಗಿದ್ರೆ ಚಿಂತೆ ಇಲ್ಲ. ರಾಡಿ ಬಂತು ಅಂದ್ರೆ ಏರಿ ಒಳಗಿನ ಮಣ್ಣು ಕೊಚ್ಕೊಂಡು ಹೋಗ್ತೈತೆ ಅಂತ. ಓಡಿ ಬಂದು ನಂಗೆ ಹೇಳು." ದೊಡ್ಡವರ ಕೆಲಸ ಸಿಕ್ಕಿದ ಜಂಬದಲ್ಲಿ ಹೂಂ ಅಂದೆ.

ಶನಿವಾರ ಶೋಭಾ ಈರುಳ್ಳಿ ಕೊಯ್ಯಲು ಹೋಗಿದ್ದಳು. ಒಬ್ಬಳೇ ಹೋಗಿ ನೋಡಿದರೆ ನೀರು ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿತ್ತು. ಬೆರಳು ಗಾತ್ರದ ತೂತಿನಿಂದ ಬುಳುಬುಳು ಬರುತ್ತಿತ್ತು. ನಾನು ಓಡಿದ್ದು ಮಾವನ ಬಳಿಗೆ. ಅವರು ಬಂದು ಬೊಗಸೆಯಲ್ಲಿ ನೀರು ಹಿಡಿದು ನೋಡಿದರು. ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆಮೇಲೆ ನಕ್ಕರು.

"ಇದು ಮೇಲಿಂದ ಇಳಿದ ಮಳೆ ನೀರು ಕಣವ್ವ. ಸಿದ್ದಣ್ಣಂಗೆ ಹೇಳ್ಬೇಡ, ಊರೆಲ್ಲ ಸಾರ್ತಾನೆ. ಗೊತ್ತಾದ್ರೆ ನಾಳೆ ಜನ ಬರಲ್ಲ. ಸೋಮವಾರ ಸರಿ ಮಾಡಿಸ್ತೀನಿ. ಮಾವನ ಮೇಲೆ ನಂಬಿಕೆ ಐತೆ ತಾನೆ?"

"ಐತೆ ಮಾವ."

ಸಂಜೆ ಹೊಲದಿಂದ ಬರುತ್ತಿದ್ದ ಸಿದ್ದಣ್ಣ ಕೇಳಿದರು: "ನೀರು ಹೆಂಗೈತವ್ವ?"

"ತಿಳಿಯಾಗೇ ಐತೆ" ಅಂದೆ, ಅವರ ಹೆಗಲ ಮೇಲಿನ ಚೀಲ ನೋಡುತ್ತ.

ರಾತ್ರಿಯೆಲ್ಲ ಮಳೆ ಹೊಯ್ಯಿತು. ಬೆಳಿಗ್ಗೆ ಮುಖ ತೊಳೆಯಲು ಹೊರಗೆ ಬಂದರೆ ಹಂಸದ ದೋಣಿಗಳೆರಡೂ ಅಂಗಳದಲ್ಲಿ ಟ್ರಾಕ್ಟರ್ ಟ್ರೈಲರಿನ ಮೇಲೆ ಕೂತಿದ್ದವು. ಕೆರೆ ದಡದ ಮೇಜು, ಕುರ್ಚಿಗಳೂ ಅಲ್ಲೇ ಇದ್ದವು.

"ಯಾವಾಗ ತಂದಿದ್ದು ಅತ್ತೆ?"

"ನಿನ್ನೆ ರಾತ್ರೀನೇ, ನೀನು ಮಲಗಿದ್ಮೇಲೆ. ಏರಿ ನಿಲ್ಲೋದು ಅನುಮಾನ ಅಂತಿದ್ರು ನಿಮ್ಮಾವ."

ದೋಣಿ ತೆಗೆಸಲು ಹೊಳೆದವರಿಗೆ ಕೆಳಗಿನ ಮನೆಗೆ ಒಂದು ಮಾತು ಹೇಳಲು ಹೊಳೆದಿರಲಿಲ್ಲ. ಬರಿಗಾಲಲ್ಲಿ ಓಡಿದೆ. ದಿಬ್ಬ ಹತ್ತುವಷ್ಟರಲ್ಲಿ ಲಾರಿಯಿಂದ ಕಲ್ಲು ಸುರಿದಂಥ ಸದ್ದು. ಏರಿಯ ನಡುಭಾಗ ಕುಸಿದು ನೀರು ನುಗ್ಗಿ ಹೋಗುತ್ತಿತ್ತು. "ಶೋಭಾ! ಶೋಭಾ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಸಿದ್ದಣ್ಣ ಮುದಿ ತಾಯಿಯನ್ನು ಎತ್ತಿಕೊಂಡು, ಅವರ ಹೆಂಡತಿ ಶೋಭಾಳನ್ನು ಎಳೆದುಕೊಂಡು ಎದುರು ಬದುವಿಗೆ ಹತ್ತಿದ್ದು ಕಂಡಿತು. ಜೀವ ಉಳಿಯಿತು. ಹಿತ್ತಲ ಗೋಡೆ ಬಿತ್ತು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಎಮ್ಮೆ ಹಗ್ಗದಲ್ಲೇ ಸತ್ತಿತು. ಒಣಹಾಕಿದ್ದ ಈರುಳ್ಳಿ ಒಂದು ಗಡ್ಡೆಯೂ ಸಿಗಲಿಲ್ಲ.

ಊರವರು ಸೇರಿದರು. ಮಾವ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಇಂಥ ಮಳೆಗೆ ನಾನೇನು ಮಾಡ್ಲಿ? ನಿನ್ನೆವರೆಗೂ ತಿಳಿನೀರೇ ಇತ್ತು. ನಮ್ಮ ಹುಡುಗೀನೇ ನೋಡಿದ್ಲು, ಕೇಳಿ ಬೇಕಾದ್ರೆ."

ಮೊಣಕಾಲುದ್ದ ಕೆಸರಲ್ಲಿ ನಿಂತಿದ್ದ ಸಿದ್ದಣ್ಣ ತಲೆಯಾಡಿಸಿದರು. "ಹೌದು, ಮಗು ನಂಗೂ ಹಂಗೇ ಹೇಳ್ತು."

ಅವರ ದನಿಯಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಅದನ್ನು ನಾನು ತಾಳಲಾರದೆ ಹೋದೆ.

"ಸುಳ್ಳು! ನಿನ್ನೆ ರಾಡಿ ಬರ್ತಿತ್ತು. ಮಾವಂಗೆ ತೋರಿಸ್ದೆ. ಯಾರಿಗೂ ಹೇಳ್ಬೇಡ ಅಂದ್ರು. ರಾತ್ರೀನೇ ದೋಣಿ ತೆಗ್ಸಿದಾರೆ, ಹೋಗಿ ನೋಡಿ!"

ಹೆಗಲ ಮೇಲಿನ ಕೈ ಸರಿಯಿತು. "ಹೆದರ್ಕೊಂಡೈತೆ, ಏನೇನೋ ಬಡಬಡಿಸ್ತೈತೆ" ಎಂದು ಮಾವ ನಗಲು ನೋಡಿದರು. ಯಾರೂ ನಗಲಿಲ್ಲ. ಶೋಭಾ ಮಾವನ ಕಡೆ ನೋಡಲೇ ಇಲ್ಲ. ಅವಳು ನೋಡುತ್ತಿದ್ದುದು ನನ್ನನ್ನು.

ಮರುದಿನವೇ ಅಪ್ಪ ಬಂದು ನನ್ನನ್ನು ಕಡೂರಿಗೆ ಕರೆದೊಯ್ದರು. ಊರ ಹಿರಿಯರು ಕೂತು ಹೇಳಿದ ಮೇಲೆ ಮಾವ ಸಿದ್ದಣ್ಣನ ಗೋಡೆ ಕಟ್ಟಿಸಿ, ಬೇರೆ ಎಮ್ಮೆಯನ್ನೂ ತಂದುಕೊಟ್ಟರಂತೆ. ಉಳಿದ ಏರಿಯನ್ನು ಒಡೆಸಿದರಂತೆ. ಹಬ್ಬ ಮದುವೆಗಳಲ್ಲಿ ಈಗಲೂ ಎದುರಾಗುತ್ತಾರೆ, "ಊಟ ಆಯ್ತಾ" ಅನ್ನುತ್ತಾರೆ. ಆ ದಿನದ ಮಾತು ಇಬ್ಬರೂ ಎತ್ತಿಲ್ಲ. ಸುಳ್ಳು ಅವರದು, ನಿಜ. ಆದರೆ ಸಿದ್ದಣ್ಣನ ಕಿವಿಗೆ ಅದು ಬಿದ್ದದ್ದು ನನ್ನ ಬಾಯಿಂದ. ನನ್ನ ಪ್ರೀತಿಯನ್ನೇ ಹಿಡಿದು ಅವರು ನನ್ನಿಂದ ಆ ಕೆಲಸ ಮಾಡಿಸಿದರು ಎಂಬುದನ್ನು ಇಷ್ಟು ವರ್ಷವಾದರೂ ಕ್ಷಮಿಸಲಾಗಿಲ್ಲ.

ಶೋಭಾ ಈಗ ತರೀಕೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಹೋದ ವರ್ಷ ಹುಡುಕಿಕೊಂಡು ಹೋದೆ. ನೋಡಿದ ಕೂಡಲೇ ಗುರುತು ಹಿಡಿದಳು. ಮಿಷನ್ ನಿಲ್ಲಿಸಿ, ಸ್ಟೂಲಿನ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿದಳು. ಒಂದು ಕಹಿ ಮಾತಿಲ್ಲ.

"ಬನ್ನಿ, ಕೂತ್ಕೊಳ್ಳಿ. ಚೆನ್ನಾಗಿದೀರಾ?" ಅಂದಳು.