ಬಾಲ ಕೂಡಿಸಿದ ಕೈ

ಕುಂಚಣ್ಣ ಫೋಟೊಗಳಿಗೆ ಟಚಿಂಗ್ ಮಾಡುವವನು. ಬಣ್ಣ, ಬ್ಲೇಡು ಎಲ್ಲ ನನ್ನ ಅಂಗಡಿಯಿಂದಲೇ. ಚೌಕಾಸಿ ಮಾಡದ ಒಬ್ಬನೇ ಗಿರಾಕಿಯಾದ್ದರಿಂದ ಅವನ ಮೇಲೆ ನನಗೆ ಗೌರವ ಜಾಸ್ತಿ. ನೆಗೆಟಿವ್ ಮೇಲೆಯೇ ಕೆರೆದು ಮೊಡವೆ ಅಳಿಸುತ್ತಿದ್ದ, ಬೋಳುತಲೆಗೆ ಕೂದಲು ಬೆಳೆಸುತ್ತಿದ್ದ. ಊರಿನ ಎಷ್ಟೋ ಮದುವೆಗಳು ಕುದುರಿದ್ದು ಅವನ ಬ್ಲೇಡಿನ ಮೊನೆಯಲ್ಲಿ.

ಅವನ ಮಗಳು ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ಹಂಗಾಮಿ ಕೆಲಸಕ್ಕಿದ್ದಳು. ಧೂಮಕೇತು ಬಂದಾಗ ಅವಳಿಗೆ ಒಂದೇ ಒಂದು ಚಿತ್ರ ಸಿಕ್ಕಿತು. ಆಮೇಲೆ ಬರೀ ಮೋಡ. ಅಲ್ಲಿನ ಹಿರಿಯ ವಿಜ್ಞಾನಿ ಆ ಚಿತ್ರ ಒಪ್ಪಿದರೆ ಕೆಲಸ ಕಾಯಂ.

"ದೊಡ್ಡದಾಗಿ ಪ್ರಿಂಟ್ ಹಾಕಿಕೊಡಪ್ಪ" ಎಂದು ನೆಗೆಟಿವ್ ಕೊಟ್ಟಳು. ಮುಟ್ಟಬೇಡ ಅನ್ನಲಿಲ್ಲ. ಅಡುಗೆಯವನ ಕೈಗೆ ಪಾತ್ರೆ ಕೊಟ್ಟು ಉಪ್ಪು ಹಾಕಬೇಡ ಅಂತ ಯಾರು ಹೇಳುತ್ತಾರೆ?

ನೋಡಿದರೆ ಧೂಮಕೇತುವಿನ ಬಾಲ ನಡುವೆ ತುಂಡಾಗಿದೆ. ಫಿಲ್ಮಿಗೆ ಪೆಟ್ಟುಬಿದ್ದಿದೆ ಎಂದುಕೊಂಡ ಕುಂಚಣ್ಣ, ಅಂಚು ಕೆರೆದು, ಬಣ್ಣ ತುಂಬಿ, ಕೂದಲೆಳೆಯಷ್ಟೂ ಬಿರುಕು ಕಾಣದಂತೆ ಕೂಡಿಸಿದ.

ಪ್ರಿಂಟ್ ನೋಡಿದ ಮಗಳು ನೆಗೆಟಿವ್ ಕಿತ್ತುಕೊಂಡು ಬೆಳಕಿಗೆ ಹಿಡಿದಳು.

"ಅಪ್ಪ, ಅದು ಪೆಟ್ಟಲ್ಲ. ಬಾಲ ನಿಜವಾಗ್ಲೂ ಕಡಿದುಹೋಗಿತ್ತು."

"ಅಲ್ಲಿಗೆ ಹೋಗಿ ಬಾಲ ಕಡಿಯೋರು ಯಾರಮ್ಮ?"

"ಸೂರ್ಯನಿಂದ ಕಣಗಳು ಗಾಳಿ ಥರ ಬೀಸ್ತಾ ಇರ್ತವೆ. ಜೊತೆಗೆ ಕಾಂತಕ್ಷೇತ್ರಾನೂ ಬರುತ್ತೆ. ಹಾರಿಬಂದ ಬಟ್ಟೆ ಕಂಬಕ್ಕೆ ಸುತ್ಕೊಂಡ ಹಾಗೆ ಅದರ ಗೆರೆಗಳು ಧೂಮಕೇತುವಿನ ತಲೆಗೆ ಸುತ್ಕೊಂಡು ಹಿಂದಕ್ಕೆ ಚಾಚ್ತವೆ. ಬಾಲ ನಿಂತಿರೋದೇ ಅವುಗಳನ್ನ ಹಿಡ್ಕೊಂಡು. ಕ್ಷೇತ್ರದ ದಿಕ್ಕು ತಿರುಗಿರೋ ಕಡೆಗೆ ಧೂಮಕೇತು ನುಗ್ಗಿದ್ರೆ ಹಳೇ ಗೆರೆ, ಹೊಸ ಗೆರೆ ಎದುರುಬದುರಾಗಿ ಕಡಿದು ಬೇರೆ ಥರ ಕೂಡ್ಕೋತವೆ. ಹಳೇ ಬಾಲ ಕಳಚಿ ತೇಲಿಹೋಗುತ್ತೆ, ಹೊಸದು ಬೆಳೆಯುತ್ತೆ. ನಾನು ಹಿಡಿದದ್ದು ಅದನ್ನೇ."

"ಬಣ್ಣ ತೊಳೆದುಬಿಡ್ತೀನಿ ಕಣಮ್ಮ."

"ಕೆರೆದದ್ದನ್ನ?"

ಮಾರನೆಯ ದಿನ ಕುಂಚಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳ ಜೊತೆ ಗುಡ್ಡ ಹತ್ತಿದ. ಅವಳನ್ನು ಹೊರಗೇ ಕೂರಿಸಿ ಹಿರಿಯ ವಿಜ್ಞಾನಿಯ ಮುಂದೆ ಕೈಮುಗಿದ. "ತಪ್ಪು ನಂದು ಸ್ವಾಮಿ. ಬಾಲ ಕಡಿದೇ ಇತ್ತು, ಕೂಡಿಸಿದ್ದು ನಾನು."

ಅವರು ಭೂತಗನ್ನಡಿ ಹಿಡಿದು ನೆಗೆಟಿವ್ ಅನ್ನು ಬಹಳ ಹೊತ್ತು ನೋಡಿದರು.

"ಎಲ್ಲಿ ಕೂಡಿಸಿದ್ದೀರಿ ಅಂತಾನೇ ಗೊತ್ತಾಗಲ್ಲ. ಇಷ್ಟು ಚೆನ್ನಾಗಿ ಕೂಡಿಸೋ ಕೈಗೆ ಕಡಿಯೋದು ಎಷ್ಟರ ಕೆಲಸ, ಯಜಮಾನ್ರೆ? ನೆಗೆಟಿವ್ ಹಾಳಾಯ್ತು ಅಂತಷ್ಟೇ ಹೇಳಿದ್ದಿದ್ರೆ ಇದೊಂದು ಚಿತ್ರ ಬಿಟ್ಟುಬಿಡ್ತಿದ್ವಿ. ಈಗ ನಿಮ್ಮ ಮಗಳು ತೆಗೆದ ಯಾವ ಚಿತ್ರಾನ ನಂಬೋದು?"

ಹೊರಗೆ ಮಗಳು ಬೆಂಚಿನಿಂದ ಎದ್ದಳು.

"ಏನಂದ್ರಪ್ಪ?"

"ನನ್ನ ಕೈಕೆಲಸ ಹೊಗಳಿದ್ರು."

ಅವಳು ಕೊರಳಿನಿಂದ ಕಚೇರಿಯ ಗುರುತುಚೀಟಿ ತೆಗೆದು ಬೆಂಚಿನ ಮೇಲಿಟ್ಟು, ಅಪ್ಪನ ಕೈ ಹಿಡಿದು ಮೆಟ್ಟಿಲಿಳಿಸಿದಳು.